ಎರಡು ತಟ್ಟು

ಝೆಸ್ತಪೋನಿಯಲ್ಲಿ ನವೆಂಬರ್.
ಮಿಶ್ರಲೋಹದ ಕಾರ್ಖಾನೆಯ ಹೊಗೆ
ಕಿಟಕಿಗೆ ಮೂಗೊತ್ತಿ ನಿಲ್ಲುವ ಹೊತ್ತು.
ಹಳೆಯ ವ್ಯಾಯಾಮಶಾಲೆಯ ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಹಸಿರು ಚಾಪೆಯ ಮೇಲೆ ಹದಿನೇಳು ಜೊತೆ ಬರಿಗಾಲು.
ಜೂಡೋದ ಮೊದಲ ಪಾಠ ಎಸೆಯುವುದಲ್ಲ,
ಬೀಳುವುದೂ ಅಲ್ಲ.
ಬಿಡುವುದು.

ಕೆಳಗಿದ್ದವರು ಎರಡು ಸಲ ತಟ್ಟಿದರೆ,
ಚಾಪೆಗೋ, ನಿನ್ನ ಬೆನ್ನಿಗೋ,
ಬಿಟ್ಟುಬಿಡು.
ಯಾಕೆಂದು ಕೇಳಬೇಡ. ಇನ್ನೊಂಚೂರು ಅನ್ನಬೇಡ.
ಈಗಷ್ಟೇ ಹೂಂ ಅಂದಿದ್ದೆಯಲ್ಲ ಎಂದು
ಹಳೇ ಲೆಕ್ಕ ತೆಗೆಯಬೇಡ.
ಪಟ್ಟು ಹಾಕುವುದು ಬೇರೆ,
ಪಟ್ಟು ಹಿಡಿಯುವುದು ಬೇರೆ.

ಹತ್ತು ವರ್ಷದ ಮಕ್ಕಳಿಗೆ ಇದು ತಟ್ಟನೆ ತಿಳಿಯುತ್ತದೆ,
ಬಿಸಿ ಪಾತ್ರೆ ಮುಟ್ಟಿದ ಹಾಗೆ ಕೈ ತಾನೇ ತೆರೆಯುತ್ತದೆ.
ಹದಿನಾರಕ್ಕೆ ಏನಾಗುತ್ತದೋ.
ಮೀಸೆ ಮೂಡುವಾಗ ಕಿವಿಯೊಳಗೂ ಕೂದಲು ಬೆಳೆಯುತ್ತದೇನೋ.

ಅದಕ್ಕೇ ಗುರುವಾರ ಅರ್ಧ ಗಂಟೆ
ಕುಸ್ತಿ ಬಿಟ್ಟು ಮಾತಿಗೆ ಕೂರಿಸುತ್ತೇನೆ.
‘ಜೂಡೋ ಕಲಿಸಮ್ಮ ಮ್ಜೆವಿನಾರ್,
ಮಿಕ್ಕಿದ್ದು ಮನೆಯಲ್ಲಿ ಕಲೀತಾರೆ’ ಎಂದರು ಒಬ್ಬ ತಂದೆ.
ಯಾರು ಕಲಿಸುತ್ತೀರಿ, ನೀವಾ, ಎಂದೆ.
ಕೈಯಲ್ಲಿದ್ದ ಪರ್ಸಿಮನ್ ಹಣ್ಣಿನ ಚೀಲ
ಮೇಜಿನ ಮೇಲಿಟ್ಟು ಹೋದರು.

ತೆಕ್ಲಾ ಕೇಳಿದಳು:
ಚಾಪೆ ಇಲ್ಲದ ಕಡೆ ಎಲ್ಲಿಗೆ ತಟ್ಟಬೇಕು?

ಯಾರೂ ನಗಲಿಲ್ಲ.
‘ಜೋರಾಗಿ ಬೇಡ ಅನ್ನಿ’ ಎಂದು ನನ್ನ ಚೀಟಿಯಲ್ಲಿ ಬರೆದಿತ್ತು.
ಕಿಟಕಿಯಾಚೆ ಕ್ವಿರಿಲಾ ಹೊಳೆ.
ಅದರ ಹೆಸರಲ್ಲೇ ಕೂಗು ಇದೆ.
ಎಲ್ಲ ಹೊಳೆಗೂ ಆ ಹೆಸರಿಲ್ಲ.
ನನಗಾಗ ಹತ್ತೊಂಬತ್ತು. ತರಬೇತಿ ಶಿಬಿರ.
ಎಪ್ಪತ್ತು ಕಿಲೋ ಎತ್ತಿ ಎಸೆಯುತ್ತಿದ್ದ ತೋಳು
ಆ ರಾತ್ರಿ ಒದ್ದೆ ಬಟ್ಟೆಯಂತೆ
ಮಂಚದಂಚಿಗೆ ಜೋತುಬಿದ್ದಿತ್ತು.
ಮಕ್ಕಳಿಗೆ ಇದನ್ನು ಹೇಳಲಿಲ್ಲ.
ಚೀಟಿ ಮಡಚಿ ಜೇಬಿಗಿಟ್ಟೆ.

ಕತ್ತು ಬಿಗಿದು ಪ್ರಜ್ಞೆ ತಪ್ಪಿದವರು
ತಟ್ಟುತ್ತಾರಾ, ಎಂದೆ.
‘ಇಲ್ಲ’ ಎಂದ ಓತಿಯಾ. ‘ಆದರೆ ಮೈ ಸಡಿಲಾಗಿದ್ದು ಗೊತ್ತಾಗುತ್ತೆ.’
ಹೇಗೆ ಗೊತ್ತಾಗುತ್ತೆ?
ತುಂಬ ಹೊತ್ತು ಯೋಚಿಸಿದ.
‘ಗಮನ ನನ್ನ ಗೆಲುವಿನ ಮೇಲಿಲ್ಲದೆ
ಅವರ ಮೇಲಿದ್ದರೆ.’

ಝೈರಾ ಗೊಣಗಿದಳು,
ಮೌನವೇ ಸಮ್ಮತಿ ಅಂತಾಳೆ ನಮ್ಮಜ್ಜಿ.
‘ಹಾಗಾದರೆ ಗುಡ್ಡದ ಮೇಲಿನ ಗೋರಿಗಳೆಲ್ಲ
ಒಪ್ಪಿಕೊಂಡೇ ಮಲಗಿವೆಯಾ?’
ಹಿಂದಿನ ಸಾಲಿನಿಂದ ಯಾರೋ.
ಈಗ ನಕ್ಕರು. ನಕ್ಕದ್ದು ಬೇಗ ನಿಂತಿತು.

ಎಲ್ಲರೂ ಹೋದ ಮೇಲೆ ನುಕ್ರಿ ಉಳಿದ.
ಮಡಚಿದ ನಡುಪಟ್ಟಿಯನ್ನು ಬಿಚ್ಚಿ ಮತ್ತೆ ಮಡಚಿದ.
‘ಬೇಸಿಗೆಯಲ್ಲಿ... ಒಬ್ಬಳು ತಟ್ಟಲಿಲ್ಲ ಟೀಚರ್.’
ಹೀಟರು ಕೆಮ್ಮಿತು.
‘ನಾನು ನೋಡಲೂ ಇಲ್ಲ.’

ಅವನ ತಲೆ ಸವರಲಿಲ್ಲ. ದೂಡಲೂ ಇಲ್ಲ.
ಎರಡಕ್ಕೂ ಕೈ ಎದ್ದಿತ್ತು, ಸುಳ್ಳು ಹೇಳುವುದಿಲ್ಲ.
ಇದನ್ನು ನನ್ನಲ್ಲೇ ಇಟ್ಟುಕೊಳ್ಳಲಾರೆ, ಎಂದೆ,
ನಾಳೆ ಎಂಟಕ್ಕೆ ಶಾಲೆಯ ಆಪ್ತಸಲಹೆಗಾರ್ತಿಯ ಬಾಗಿಲಲ್ಲಿ ಇರುತ್ತೇನೆ.
ನೀನು ಬಂದರೂ, ಬರದಿದ್ದರೂ.
‘ಅವಳ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ,
ಇವತ್ತೇ, ಈಗಲೇ.’
ಅದಕ್ಕೂ ಅವಳು ಹೂಂ ಅನ್ನಬೇಕು, ನುಕ್ರಿ.

ಬಾಗಿಲವರೆಗೆ ಹೋದವನು ತಿರುಗಿ
ಏನೋ ಹೇಳಲು ಬಾಯ್ತೆರೆದು
ಬೂಟಿನ ದಾರ ಕಟ್ಟಿಕೊಂಡ.

ಹಣ್ಣಿನ್ನೂ ಒಗರು, ಮಾಗಲು ವಾರ ಬೇಕು.
ದೀಪ ಆರಿಸಲು ಸ್ವಿಚ್ಚು ಹುಡುಕುತ್ತ
ನನ್ನ ಕೈ ಗೋಡೆಯನ್ನು ತಟ್ಟಿತು.
ಒಮ್ಮೆ.
ಇನ್ನೊಮ್ಮೆ.
ಆಚೆ ಕತ್ತಲಲ್ಲಿ ಹೊಳೆ
ತನ್ನ ಹೆಸರು ತಾನೇ ಹೇಳಿಕೊಳ್ಳುತ್ತಿತ್ತು.